ಪುಸ್ತಕಕ್ಕೆ ಏರದ ಹಾಡುಗಳು

ಕಳೆದ ಬೇಸಗೆ ರಜೆಯಲ್ಲಿ ನಾವು ನಾಲ್ವರು ಅಧ್ಯಾಪಕರು ಪಳನಿಗೆ ಹೊರಟಿದ್ದೆವು. ದಿಂಡಿಗಲ್ಲಿನಿಂದ ಪಳನಿಗೆ ಹೋಗುವ ದಾರಿಯಲ್ಲಿ ಒಡ್ಡನ್‌ಛತ್ರಂ ಎಂಬ ಪೇಟೆ ಇದೆ. ಕೇರಳದ ಎಷ್ಟೋ ಅಡುಗೆಮನೆಗಳಿಗೆ ನುಗ್ಗೆ, ಟೊಮೆಟೊ ಬರುವುದು ಅಲ್ಲಿನ ತರಕಾರಿ ಮಾರುಕಟ್ಟೆಯಿಂದ. ಅಲ್ಲಿಗೆ ತಲಪುವಾಗ ನಮ್ಮ ಜೊತೆಗಾರರೊಬ್ಬರಿಗೆ ಜ್ವರ ಏರಿತು. ಎರಡು ದಿನ ತಂಗಬೇಕಾಯಿತು. ಕೇರಳದಿಂದ ಬಂದ ಕೆಲವು ಕ್ರೈಸ್ತ ವೈದ್ಯರು 1955ರಲ್ಲಿ ಸ್ಥಾಪಿಸಿದ ಆಸ್ಪತ್ರೆಯೊಂದು ಆ ಪೇಟೆಯಲ್ಲಿದೆ. ಜೊತೆಗಾರರ ಜ್ವರವೇನೋ ಇಳಿಯಿತು. ಆ ಎರಡು ದಿನಗಳಲ್ಲಿ ಕೇಳಿದ ಎರಡು ಸಂಗತಿಗಳು ಮಾತ್ರ ನಮ್ಮ ಕಿವಿಯಿಂದ ಇನ್ನೂ ಇಳಿದಿಲ್ಲ. ಅವನ್ನು ವಾಚಕರ ಮುಂದಿಟ್ಟು, ನಮ್ಮ ಜಿಲ್ಲೆಗೆ ಸಂಬಂಧಿಸಿದ ಒಂದು ಮಾತನ್ನು ಹೇಳುವುದು ಈ ಲೇಖನದ ಉದ್ದೇಶ.

ಮರುದಿನ ಆದಿತ್ಯವಾರ. ನಾವು ಇಳಿದುಕೊಂಡಿದ್ದ ವಸತಿಗೃಹದ ಕೆಲಸಗಾರನೊಬ್ಬ ತನ್ನ ಹಳ್ಳಿಯ ಚರ್ಚಿಗೆ ಹೊರಟಿದ್ದ. ಬರುತ್ತೀರಾ ಎಂದು ಕರೆದ. ಹೊತ್ತು ಕಳೆಯಲಿ ಎಂದು ಹೋದೆವು. ಹಂಚಿನ ಮಾಡಿನ ಒಂದೇ ಕೋಣೆ. ಮೂವತ್ತು ಮಂದಿ ಸೇರಿದರೆ ತುಂಬಿತು. ಹಾರ್ಮೋನಿಯಂ ಇಲ್ಲ, ಧ್ವನಿವರ್ಧಕ ಇಲ್ಲ. ಒಬ್ಬ ಮುದುಕಿ ಪಲ್ಲವಿ ಎತ್ತಿದಳು, ಉಳಿದವರು ಹಿಡಿದುಕೊಂಡರು. ಅರ್ಧ ಜನರ ಕೈಯಲ್ಲಿ ಪುಸ್ತಕವೇ ಇರಲಿಲ್ಲ. ಆದರೆ ಬಾಯಿ ಮುಚ್ಚಿ ಕುಳಿತವರು ನಾವು ಇಬ್ಬರೇ.

ಅಲ್ಲಿ ಹಾಡಿದ ನಾಲ್ಕು ಹಾಡುಗಳಲ್ಲಿ ಮೂರು ಅಚ್ಚಾದ ಕೀರ್ತನೆಯ ಪುಸ್ತಕದವು. ನಾಲ್ಕನೆಯದರಲ್ಲಿ ಬಾವಿ, ಮಳೆ, ಒಣಗಿದ ಜೋಳದ ಹೊಲ ಎಂದೆಲ್ಲ ಕೇಳಿಸಿತು. ನಮ್ಮ ಹರುಕು ತಮಿಳಿನಲ್ಲಿ ಅದರ ಪುಟ ಯಾವುದೆಂದು ವಿಚಾರಿಸಿದಾಗ ಹೆಂಗಸರು ನಕ್ಕರು. ಅದು ಯಾವ ಪುಸ್ತಕದಲ್ಲೂ ಇಲ್ಲ. ಅಜ್ಜನ ಕಾಲದಲ್ಲಿ ಮಳೆ ಬಾರದೆ ಊರ ಬಾವಿ ಬತ್ತಿದ ವರ್ಷ ಅಲ್ಲಿದ್ದ ಉಪದೇಶಿಯೊಬ್ಬರು ಕಟ್ಟಿದ್ದಂತೆ. ಅವರು ಬರೆದಿಟ್ಟಿದ್ದ ನೋಟು ಪುಸ್ತಕ ಗೆದ್ದಲು ಹಿಡಿದು ಹೋಯಿತು. ಈಗ ಹಾಡು ಪೂರ್ತಿ ಬರುವುದು ಐದಾರು ಹೆಂಗಸರಿಗೆ ಮಾತ್ರ. ಮೂರನೆಯ ಚರಣದ ಒಂದು ಸಾಲನ್ನು ಅವರಲ್ಲೂ ಇಬ್ಬರು ಬೇರೆ ಬೇರೆಯಾಗಿ ಹಾಡುತ್ತಾರೆ. ನಮ್ಮೆದುರಿನಲ್ಲೇ ಅದರ ಬಗ್ಗೆ ಸಣ್ಣ ಜಗಳವೂ ಆಯಿತು. ಬರೆದವರು ಇಲ್ಲ, ಬರೆದದ್ದೂ ಇಲ್ಲ; ತೀರ್ಪು ಕೊಡುವವರು ಯಾರು?

ಎರಡನೆಯ ಸಂಗತಿ ಆಸ್ಪತ್ರೆಯ ಬೆಂಚಿನ ಮೇಲೆ ನಡೆದದ್ದು. ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಮೊಮ್ಮಗಳೊಡನೆ ಆಡುತ್ತಿದ್ದ ಮಾತು ಅರ್ಥವಾಗತೊಡಗಿತು. ಅದು ಕನ್ನಡ! ಅವರು ತೇನಿ ಜಿಲ್ಲೆಯ ಕಂಬಂ ಕಣಿವೆಯವರು. ಅಲ್ಲಿ ಒಕ್ಕಲಿಗರು, ಕಪ್ಪಿಲಿಯರು ಮುಂತಾಗಿ ಮನೆಯಲ್ಲಿ ಕನ್ನಡ ಆಡುವವರು ತಲೆತಲಾಂತರದಿಂದ ಇದ್ದಾರೆ. ಓದು, ಬರಹ, ಲೆಕ್ಕ, ವ್ಯವಹಾರ ಎಲ್ಲವೂ ತಮಿಳಿನಲ್ಲಿ. ಮದುವೆಯಲ್ಲಿ ಹಾಡುವ ಕನ್ನಡದ ಹಾಡುಗಳು ತಮಗೆ ಬರುತ್ತವೆ, ಸೊಸೆಗೆ ಅರ್ಧ ಬರುತ್ತವೆ, ಈ ಹುಡುಗಿಗೆ ಬರುವುದಿಲ್ಲ ಎಂದು ಅಜ್ಜಿ ಹೇಳಿದರು. ಬರೆದುಕೊಳ್ಳಮ್ಮಾ ಎಂದು ನಾವು ಹುಡುಗಿಗೆ ಹೇಳಿದೆವು. ಅವಳು ಕಾಲೇಜು ಓದುವವಳು. ನಮ್ಮ ಮುಖ ನೋಡಿ, ಈ ಮಾತಿಗೆ ಅಕ್ಷರವೂ ಇದೆಯೇ ಎಂದು ಕೇಳಿದಳು. ಇಪ್ಪತ್ತು ವರ್ಷ ಕನ್ನಡ ಅಕ್ಷರ ಕಲಿಸಿದ ನಮಗೆ ತಟ್ಟನೆ ಉತ್ತರ ತೋಚಲಿಲ್ಲ.

ಹಳ್ಳಿಯ ಚರ್ಚಿನವರಿಗೆ ಅಕ್ಷರ ಇತ್ತು, ಹಾಡನ್ನು ಬರೆದಿಡುವವರು ಇರಲಿಲ್ಲ. ಈ ಅಜ್ಜಿಯ ಮನೆಯಲ್ಲಿ ಅಕ್ಷರವೇ ಇಲ್ಲ. ಕಾಸರಗೋಡಿನ ನಾವು ಈ ಎರಡು ಸ್ಥಿತಿಗಳ ನಡುವೆ ನಿಂತಿದ್ದೇವೆ ಎಂಬುದೇ ನಮ್ಮ ಆತಂಕ.

ಸಭೆಯೇ ಒಟ್ಟಾಗಿ ಹಾಡುವ ಪದ್ಧತಿ ಎಲ್ಲ ಕಡೆ ಮೊದಲಿನಿಂದ ಇದ್ದುದಲ್ಲ. ಯುರೋಪಿನ ಚರ್ಚುಗಳಲ್ಲಿ ಬಹುಕಾಲ ಪಾದ್ರಿಗಳೂ ಗಾಯಕರೂ ಲ್ಯಾಟಿನಿನಲ್ಲಿ ಹಾಡುತ್ತಿದ್ದರು, ಜನ ಕೇಳುತ್ತಿದ್ದರು. 1524ರಲ್ಲಿ ಜರ್ಮನಿಯಲ್ಲಿ ಎಂಟೇ ಎಂಟು ಹಾಡುಗಳ ಒಂದು ಚಿಕ್ಕ ಪುಸ್ತಕ ಅಚ್ಚಾಯಿತು. ಅವುಗಳಲ್ಲಿ ನಾಲ್ಕು ಮಾರ್ಟಿನ್ ಲೂಥರನವು. ಜನ ತಮ್ಮ ಮನೆಮಾತಿನಲ್ಲಿ ಹಾಡತೊಡಗಿದರು. ಆ ಪರಂಪರೆಯವರೇ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು. ಕಾಸರಗೋಡಿನ ಬಿ.ಇ.ಎಂ. ಹೈಸ್ಕೂಲಿನ ಹೆಸರಿನಲ್ಲಿ ಅವರ ನೆನಪು ಇಂದಿಗೂ ಇದೆ. 1841ರಲ್ಲಿ ಅವರು ಮಂಗಳೂರಿನಲ್ಲಿ ಅಚ್ಚುಕೂಟ ಆರಂಭಿಸಿದರು. ಕನ್ನಡ, ತುಳು, ಮಲಯಾಳ ಭಾಷೆಗಳಲ್ಲಿ ಹಾಡಿನ ಪುಸ್ತಕಗಳು ಬಂದವು.

ಆದರೆ ಅಲ್ಲೊಂದು ತೊಡಕಿತ್ತು. ರಾಗ ಜರ್ಮನಿಯದು, ಮಾತು ಕನ್ನಡದ್ದು. ನಮ್ಮ ಛಂದಸ್ಸು ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು ಎಂದು ಮಾತ್ರೆ ಎಣಿಸುತ್ತದೆ. ಆ ರಾಗಗಳಾದರೋ ಒತ್ತು ಬೀಳುವ ಅಕ್ಷರವನ್ನು ಲೆಕ್ಕ ಹಿಡಿಯುತ್ತವೆ. ಹಾಗಾಗಿ ಕನ್ನಡದ ಹ್ರಸ್ವಾಕ್ಷರದ ಮೇಲೆ ಉದ್ದದ ಸ್ವರ ಬಂದು ಕುಳಿತರೆ 'ಬಲ' ಎಂಬುದು 'ಬಾಲ' ಆಗುತ್ತದೆ. ತರಗತಿಯಲ್ಲಿ ಇದನ್ನು ಹೇಳಿದರೆ ಮಕ್ಕಳು ನಗುತ್ತಾರೆ. ಹಾಡುವವರಿಗೆ ಅದು ನಗುವ ಸಂಗತಿಯಲ್ಲ. ಬಂದ ಮಿಶನರಿಗಳಲ್ಲಿ ಕೆಲವರಿಗೆ ಕನ್ನಡದ ಒಳಗಿನ ನಡೆ ತಿಳಿಯಿತು. ಹೆರ್ಮನ್ ಮೋಗ್ಲಿಂಗರು 1850ರ ಸುಮಾರಿಗೆ ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ನಿಘಂಟಿನ ಕಿಟ್ಟೆಲರು 1862ರಲ್ಲಿ ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಹೆಸರಿನಲ್ಲಿ ಕನ್ನಡದ ಛಂದಸ್ಸಿನಲ್ಲೇ ಬರೆದರು. ಮುಂದೆ 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದರು. ಹೊರಗಿನಿಂದ ಬಂದವರು ಊರಿನ ಹಾಡನ್ನು ಹುಡುಕಿ ಹೋದುದು ಗಮನಿಸತಕ್ಕ ವಿಷಯ.

ತಮಿಳು ನಾಡಿನಲ್ಲೂ ಹೀಗೇ ಆಯಿತು. ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು (1774–1864) ಪಲ್ಲವಿ, ಅನುಪಲ್ಲವಿ, ಚರಣಗಳಿರುವ ಕೀರ್ತನೆಗಳನ್ನು ಬರೆದರು. ದಿಂಡಿಗಲ್ ಸೀಮೆಯಲ್ಲಿ ಕೆಲಸ ಮಾಡುತ್ತಿದ್ದುದು ಅಮೆರಿಕದ ಮಧುರೆ ಮಿಶನ್. ಅದರ ಎಡ್ವರ್ಡ್ ವೆಬ್ ಎಂಬವರು ಇಂತಹ ಕೀರ್ತನೆಗಳನ್ನು ಕೂಡಿಸಿ 1853ರಲ್ಲಿ ಪುಸ್ತಕ ತಂದರು. ಇಂದಿಗೂ ತಮಿಳು ಚರ್ಚುಗಳಲ್ಲಿ ಪರದೇಶದ ರಾಗದ ಹಾಡುಗಳಿಗೆ 'ಪಾಮಾಲೈ', ನಾಡಿನ ರಾಗದವುಗಳಿಗೆ 'ಕೀರ್ತನೈ' ಎಂದು ಎರಡು ಭಾಗಗಳಿವೆ. ಮಲಯಾಳದಲ್ಲಂತೂ ಬಾಸೆಲ್ ಮಿಶನ್ನಿಗಾಗಿ 1893ರಲ್ಲಿ ಬಂದ ಜರ್ಮನಿಯ ಫೋಲ್‌ಬ್ರೆಕ್ಟ್ ನಾಗೆಲ್ ಬರೆದ ಶವಸಂಸ್ಕಾರದ ಹಾಡನ್ನು ಪಂಗಡ ಭೇದವಿಲ್ಲದೆ ಹಾಡುತ್ತಾರೆ. ನಾಗೆಲ್ ತೀರಿಕೊಂಡದ್ದು 1921ರಲ್ಲಿ. ಬರೆದವನ ಹೆಸರು ತಿಳಿಯದವರಿಗೂ ಆ ಹಾಡು ಬಾಯಿಪಾಠ.

ಆದರೆ ಪುಸ್ತಕ ಸೇರಿದ ಹಾಡುಗಳ ಹಿಂದೆ ಸೇರದ ಹಾಡುಗಳ ದೊಡ್ಡ ರಾಶಿ ಇದೆ. ಉಪದೇಶಿ, ಶಾಲಾ ಮಾಸ್ತರ, ಮಿಡ್‌ವೈಫ್, ಹಂಚಿನ ಕಾರ್ಖಾನೆಯ ಕೆಲಸಗಾರ, ಇಂತಹವರು ಮದುವೆಗೆಂದೋ, ಹೊಸ ಫಸಲಿನ ಹಬ್ಬಕ್ಕೆಂದೋ, ಮಗು ತೀರಿಹೋದ ದುಃಖದಲ್ಲೋ ಕಟ್ಟಿದವು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಶನ್ ಕಾಲದ ಪುಸ್ತಕಗಳನ್ನು ಕಾಪಾಡಿ ಇಟ್ಟಿದ್ದಾರೆ. ಅಚ್ಚಾದದ್ದಕ್ಕೆ ಅಂತೂ ಒಂದು ಕಪಾಟು ಸಿಕ್ಕಿತು. ಅಚ್ಚಾಗದ್ದಕ್ಕೆ ಹಾಡುವವರ ಗಂಟಲೇ ಕಪಾಟು. ಅಂತಹ ಒಬ್ಬ ಅಜ್ಜಿ ತೀರಿಕೊಂಡರೆ ಕಪಾಟಿಗೆ ಕಪಾಟೇ ಮಣ್ಣಿಗೆ ಹೋದಂತೆ.

ಇನ್ನು ನಮ್ಮ ಜಿಲ್ಲೆಯ ಮಾತಿಗೆ ಬರೋಣ. ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರದ ಇಗರ್ಜಿಗಳಲ್ಲಿ ಪ್ರಾರ್ಥನೆ ಕೊಂಕಣಿಯಲ್ಲಿ ನಡೆಯುತ್ತದೆ. 1963ರ ಡಿಸೆಂಬರಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಬಲಿಪೂಜೆಯಲ್ಲಿ ಜನರ ಭಾಷೆಗೆ ಎಡೆ ಮಾಡಿಕೊಟ್ಟ ಮೇಲೆ ಲ್ಯಾಟಿನ್ ಹಿಂದೆ ಸರಿದು, ಆಯಾ ಊರಿನ ಮಾತು ಮುಂದೆ ಬಂತು. ಈ ಕೊಂಕಣಿಯನ್ನು ನಮ್ಮಲ್ಲಿ ಬರೆಯುವುದು ಕನ್ನಡ ಅಕ್ಷರದಲ್ಲಿ. ತುಳುವಿನ ಹಾಡಿನ ಪುಸ್ತಕವೂ ಕನ್ನಡ ಅಕ್ಷರದಲ್ಲೇ. ಎಂದರೆ ಕನ್ನಡ ಮಾಧ್ಯಮದ ಒಂದು ತರಗತಿ ಮುಚ್ಚಿದರೆ ನಷ್ಟ ಕನ್ನಡಕ್ಕೊಂದೇ ಅಲ್ಲ. ಕೊಂಕಣಿಯ ಗಾಯನದ ಪುಸ್ತಕವನ್ನೂ ತುಳುವಿನ ಕೀರ್ತನೆಯ ಪುಸ್ತಕವನ್ನೂ ಅದೇ ದಿನ ಮುಚ್ಚಿದಂತೆ. 1956ರಿಂದ ನಾವು ಕನ್ನಡ ಶಾಲೆ, ಕನ್ನಡ ಅರ್ಜಿ, ಕನ್ನಡ ಬಲ್ಲ ಅಧ್ಯಾಪಕ ಎಂದು ಕೇಳುತ್ತಾ ಬಂದಿದ್ದೇವೆ; ಕೇಳಬೇಕಾದದ್ದೇ. ಆದರೆ ಈ ಮಾತನ್ನು ಯಾರೂ ಒತ್ತಿ ಹೇಳಿದಂತಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು ಇಗರ್ಜಿಯ ಗಾಯನ ತಂಡದಲ್ಲಿದ್ದಾಳೆ. ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಹಾಡನ್ನು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಚೆನ್ನಾಗಿಯೇ ಹಾಡುತ್ತಾಳೆ. ಆದರೆ ಆ ಅಕ್ಷರದಲ್ಲಿ ಹ್ರಸ್ವಕ್ಕೂ ದೀರ್ಘಕ್ಕೂ, 'ಲ'ಕ್ಕೂ 'ಳ'ಕ್ಕೂ ಭೇದ ತಿಳಿಯದು. ಅಜ್ಜಿಯಿಂದ ಕೇಳಿ ಕಲಿತವಳು ಇವಳು, ಆದ್ದರಿಂದ ತಪ್ಪುವುದಿಲ್ಲ. ಇವಳ ಮೊಬೈಲು ನೋಡಿ ಕಲಿಯುವ ಮುಂದಿನ ಹುಡುಗಿ ಏನು ಹಾಡಿಯಾಳು?

ಇನ್ನೊಂದು ವಿಷಯವನ್ನೂ ಸಂಕೋಚದಿಂದಲೇ ಹೇಳುತ್ತೇವೆ. ಕೀಬೋರ್ಡು, ಧ್ವನಿವರ್ಧಕ, ಗೋಡೆಯ ಪರದೆ ಬಂದ ಮೇಲೆ ಹಾಡು ಜೋರಾಯಿತು, ಹಾಡುವವರು ಕಡಿಮೆಯಾದರು. ಮೈಕಿನ ಮುಂದೆ ನಾಲ್ಕು ಜನ, ಕೇಳುವವರು ನಾನೂರು. ಇದು ಚರ್ಚಿಗೆ ಮಾತ್ರ ಅಂಟಿದ ರೋಗವಲ್ಲ. ನಮ್ಮ ಭಜನಾ ಮಂದಿರಗಳಲ್ಲೂ ಧ್ವನಿಮುದ್ರಿತ ಹಾಡು ಹಾಕಿ ಕೈಕಟ್ಟಿ ನಿಲ್ಲುವುದನ್ನು ಕಂಡಿದ್ದೇವೆ. ವಾದ್ಯ ಬೇಡವೆಂದು ನಾವು ಹೇಳುವುದಿಲ್ಲ. ಯುವಕರು ಚರ್ಚಿಗೆ ಬರುವುದು ಅದರಿಂದಲೇ ಎಂದು ಹಿರಿಯರೊಬ್ಬರು ನಮಗೆ ಹೇಳಿದರು, ಅದೂ ನಿಜವಿರಬಹುದು. ಆದರೆ ಐವತ್ತು ಜನ ಸೇರುವ ಸಣ್ಣ ಚರ್ಚಿಗೆ ತನ್ನ ದನಿ ತನಗೆ ಕೇಳದಷ್ಟು ವಾದ್ಯ ಯಾತಕ್ಕೆ?

ಊರವರು ಕಟ್ಟಿದ ಹಾಡುಗಳಲ್ಲಿ ಸಾಹಿತ್ಯ ಎಲ್ಲಿದೆ, ಪ್ರಾಸ ತಪ್ಪು, ವ್ಯಾಕರಣ ತಪ್ಪು ಎನ್ನುವವರಿದ್ದಾರೆ. ನಾವು ಕನ್ನಡ ಪಂಡಿತರ ಜಾತಿಯವರೇ ಆದುದರಿಂದ ಈ ಆಕ್ಷೇಪ ನಮಗೆ ಗೊತ್ತು. ಮಾಸ್ತರರ ಕೆಂಪು ಶಾಯಿಗೆ ಪರೀಕ್ಷೆಯ ಕಾಗದವೇ ಸಾಕು. ಬತ್ತಿದ ಬಾವಿಯ ಹಾಡು ಆ ಊರಿನ ಬರದ ಚರಿತ್ರೆಯೂ ಹೌದು. ಅದನ್ನು ಸರಕಾರಿ ಕಡತದಲ್ಲಿ ಹುಡುಕಿದರೆ ಸಿಕ್ಕದು. ಕ್ರೈಸ್ತರಲ್ಲದ ನಿಮಗೆ ಈ ಗೊಡವೆ ಯಾಕೆ ಎಂದು ಕೇಳುವವರೂ ಇದ್ದಾರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು 'ಗೊಲ್ಗೊಥಾ' ಎಂಬ ಖಂಡಕಾವ್ಯವಾಗಿ ಬರೆದಾಗ ಕನ್ನಡಿಗರು ಆ ಪ್ರಶ್ನೆ ಕೇಳಲಿಲ್ಲ. ಕನ್ನಡದಲ್ಲಿ ಹುಟ್ಟಿದ್ದೆಲ್ಲ ಕನ್ನಡದ ಆಸ್ತಿ.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಸಮ್ಮೇಳನ ಬೇಡ, ಅನುದಾನಕ್ಕೆ ಕಾಯುವುದೂ ಬೇಡ. ಪ್ರತಿ ಸಣ್ಣ ಚರ್ಚಿನಲ್ಲೂ ಇನ್ನೂರು ಪುಟದ ಒಂದು ನೋಟು ಪುಸ್ತಕ ಇಡಲಿ. ಪುಸ್ತಕದಲ್ಲಿಲ್ಲದ ಹಾಡು ಯಾರಿಗೆ ಬರುತ್ತದೋ ಅವರ ಬಾಯಿಯಿಂದ ಕೇಳಿ ಕನ್ನಡ ಅಕ್ಷರದಲ್ಲಿ ಬರೆಯಲಿ. ಕಟ್ಟಿದವರು ಯಾರು, ಯಾವ ಸಂದರ್ಭ, ಯಾವ ಧಾಟಿ ಎಂಬುದನ್ನು ಕೆಳಗೆ ಸೇರಿಸಲಿ. ಪಾಠಭೇದವಿದ್ದರೆ ಎರಡನ್ನೂ ಬರೆಯಲಿ, ಜಗಳ ಬೇಡ. ಮೊಬೈಲಿನಲ್ಲಿ ಅವರ ದನಿಯನ್ನೂ ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಆದಿತ್ಯವಾರಕ್ಕೊಮ್ಮೆ ಒಂದೇ ಒಂದು ಹಾಡನ್ನು ಮೈಕಿಲ್ಲದೆ ಎಲ್ಲರೂ ಹಾಡಲಿ. ಕನ್ನಡ ಓದಲಾರದ ಮಕ್ಕಳಿಗೆ ಶನಿವಾರ ಒಂದು ಗಂಟೆ ಹಾಡಿನ ಪುಸ್ತಕದಿಂದಲೇ ಅಕ್ಷರ ಕಲಿಸಬಹುದು. ಈ ಕೆಲಸಕ್ಕೆ ಕರೆದರೆ ಕನ್ನಡ ಅಧ್ಯಾಪಕರು ಬಾರದೆ ಇರಲಾರರು, ನಾವಂತೂ ಬರುತ್ತೇವೆ.

ಟಿ.ಸಿ.ಎಚ್. ತರಬೇತಿಯಲ್ಲಿ ನಮಗೆ ಮೊದಲು ಹೇಳಿಕೊಟ್ಟ ಪಾಠ, ಮಗುವಿಗೆ ಹಾಡು ಮೊದಲು, ಅಕ್ಷರ ಆಮೇಲೆ ಎಂಬುದು. ಬಾಯಿಗೆ ಬಂದ ಹಾಡನ್ನು ಪುಟದಲ್ಲಿ ತೋರಿಸಿದರೆ ಮಗು ಅಕ್ಷರವನ್ನು ತಾನೇ ಗುರುತು ಹಿಡಿಯುತ್ತದೆ. ಆಸ್ಪತ್ರೆಯ ಬೆಂಚಿನಲ್ಲಿ ಆ ಹುಡುಗಿಗೆ ನಾವು ಕೊನೆಗೂ ಉತ್ತರ ಕೊಟ್ಟೆವು. ಔಷಧದ ಚೀಟಿಯ ಹಿಂಬದಿಯಲ್ಲಿ ಅವಳ ಅಜ್ಜಿ ಹೇಳಿದ ಮದುವೆ ಹಾಡಿನ ಮೊದಲ ಸಾಲನ್ನು ಕನ್ನಡದಲ್ಲಿ ಬರೆದು ಕೈಗಿಟ್ಟೆವು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಯಾವುದು ಯಾವ ಅಕ್ಷರ ಎಂದು ಬೆರಳಿಟ್ಟು ಕೇಳತೊಡಗಿದಳು. ಅಷ್ಟರಲ್ಲಿ ಒಳಗಿನಿಂದ ಅವರ ಹೆಸರು ಕೂಗಿದರು. ಎರಡನೆಯ ಸಾಲನ್ನು ಬರೆದುಕೊಡಲು ನಮಗೆ ಸಮಯ ಸಿಗಲಿಲ್ಲ. ನಮ್ಮ ಜಿಲ್ಲೆಯಲ್ಲಿ ಆ ಸಮಯ ಇನ್ನೂ ಇದೆ. ಚರ್ಚುಗಳ ಹಿರಿಯರೂ ಗುರುಗಳೂ ಈ ಕಡೆ ಗಮನ ಹರಿಸುವರೇ?