ತಡ ಮಾಡಿದವರು ನಾವಲ್ಲ

ರಾಮನಗರ, ಚನ್ನಪಟ್ಟಣದ ನಡುವೆ ಕೆಂಗಲ್ ಬಳಿ ಹೆದ್ದಾರಿಗೆ ಹೊಂದಿಕೊಂಡ ಎಕರೆ ಭೂಮಿಗೆ ಇವತ್ತು ಕೋಟಿಗಳ ಲೆಕ್ಕ. ಇದೇ ಸೀಮೆಯ ದಲಿತ ಕೇರಿಗಳ ಹಿರಿಯರಿಗೆ ಸರ್ಕಾರ ಒಂದು ಕಾಲಕ್ಕೆ ಸಾಗುವಳಿ ಚೀಟಿ ಕೊಟ್ಟಿತ್ತು. ಜೊತೆಗೊಂದು ಷರತ್ತು: ಪರಭಾರೆ ಮಾಡಕೂಡದು. ಇಲ್ಲದವನ ಕೈಗೆ ಬಂದ ಭೂಮಿ ಉಳ್ಳವನ ಪಾಲಾಗಬಾರದು ಎಂಬುದೇ ಅದರ ತಾತ್ಪರ್ಯ.

ಆದರೂ ಪಾಲಾಯಿತು. ಮಗಳ ಮದುವೆ, ಆಸ್ಪತ್ರೆ, ತೀರದ ಬಡ್ಡಿ ಎಂದು ಕೈಯೊಡ್ಡಿದವರ ಹೆಬ್ಬೆಟ್ಟು ಒತ್ತಿಸಿಕೊಂಡು ಉಳ್ಳವರು ಜಮೀನು ಬರೆಸಿಕೊಂಡರು.

ದೇವರಾಜ ಅರಸು ಸರ್ಕಾರ 1978ರಲ್ಲಿ ಇಂಥ ಜಮೀನುಗಳ ಪರಭಾರೆ ನಿಷೇಧಿಸುವ ಕಾಯ್ದೆ ತಂದಿತು. ನಮ್ಮ ಜನ ಅದನ್ನು ಪಿಟಿಸಿಎಲ್ ಎನ್ನುತ್ತಾರೆ. ಷರತ್ತು ಮುರಿದು ನಡೆದ ಕ್ರಯ ಅಸಿಂಧು. ಜಮೀನು ಮೂಲ ಮಂಜೂರಿದಾರನಿಗೆ, ಅವನಿಲ್ಲದಿದ್ದರೆ ವಾರಸುದಾರರಿಗೆ ಮರಳಬೇಕು. ಇನ್ನು ಮುಂದೆ ಸರ್ಕಾರದ ಅನುಮತಿಯಿಲ್ಲದೆ ಮಾರಾಟವಿಲ್ಲ. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು.

ಅದೇ ಸುಪ್ರೀಂ ಕೋರ್ಟು 2017ರಲ್ಲಿ, ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಜಮೀನು ಮರಳಿ ಕೇಳುವ ಅರ್ಜಿ ಸಮಂಜಸ ಅವಧಿಯೊಳಗೆ ಬರಬೇಕು ಎಂದಿತು. ಕಾಯ್ದೆಯಲ್ಲಿ ಇಲ್ಲದ ಗಡುವು ಬಡವರ ಹೆಗಲೇರಿತು. ದಲಿತ ಸಂಘಟನೆಗಳು ಬೀದಿಗಿಳಿದು ಹೋರಾಡಿದ ಮೇಲೆ 2023ರ ತಿದ್ದುಪಡಿ ಕಾಲಮಿತಿ ಇಲ್ಲವೆಂದು ಬರೆಯಿತು. ಆಮೇಲೂ ಹೈಕೋರ್ಟಿನಲ್ಲಿ ವಿಳಂಬದ ವಾದ ಕೊನೆಗೊಂಡಿಲ್ಲ.

ತಡ ಮಾಡಿದವರು ಯಾರು? ಕಾಯ್ದೆಯ 5ನೇ ಕಲಂ ಓದಿ. ಯಾರೂ ಅರ್ಜಿ ಕೊಡದಿದ್ದರೂ ಉಪವಿಭಾಗಾಧಿಕಾರಿ (ಎಸಿ) ಸ್ವಯಂಪ್ರೇರಿತವಾಗಿ ವಿಚಾರಣೆ ನಡೆಸಿ ಜಮೀನು ಬಿಡಿಸಿಕೊಡಬಹುದು. 6ನೇ ಕಲಂ ಓದಿ. ಮಂಜೂರಾದ ಜಮೀನುಗಳ ಪಟ್ಟಿ ಸಬ್ ರಿಜಿಸ್ಟ್ರಾರ್ ಕೈಯಲ್ಲಿದ್ದರೆ ಅಕ್ರಮ ಕ್ರಯಪತ್ರ ನೋಂದಣಿಯೇ ಆಗಕೂಡದು. ಮಂಜೂರಾತಿ ರಿಜಿಸ್ಟರು ತಾಲ್ಲೂಕು ಕಚೇರಿಯಲ್ಲಿದೆ. ಪಹಣಿ ಸರ್ಕಾರದ್ದು, ಮೊಹರು ಸರ್ಕಾರದ್ದು. ಕಡತಗಳೆಲ್ಲ ತನ್ನ ಬಳಿಯೇ ಇದ್ದರೂ ದಶಕಗಟ್ಟಲೆ ಸುಮ್ಮನಿದ್ದದ್ದು ಸರ್ಕಾರ. ಶಿಕ್ಷೆ ಮಾತ್ರ ಓದುಬರಹ ಕಲಿಯಲು ಬಿಡದೆ ದೂರ ಇಟ್ಟ ಜನಕ್ಕೆ!

ಕೆಂಗಲ್ ಹನುಮಂತಯ್ಯ ಇದೇ ಸೀಮೆಯವರು. ಅವರು ಕಟ್ಟಿಸಿದ ವಿಧಾನಸೌಧದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದಿದೆ. ಅವರ ನೆಲದಲ್ಲಿ ಆ ಮಾತಿಗೆ ದ್ರೋಹ ಬಗೆದವು ಕಂದಾಯ ಕಚೇರಿಗಳು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂತು. ಹೆಸರಿನ ಜೊತೆ ಬೆಲೆ ಏರುವುದು ಯಾರ ಭೂಮಿಗೆ?

ಮಾರಲಾಗದ ಹಕ್ಕು ಕಾಲ ಸರಿದ ಮಾತ್ರಕ್ಕೆ ಸಾಯುತ್ತದೆ ಎನ್ನುವುದು ಅನ್ಯಾಯ. ಹಾಗಂದರೆ ಕೊಂಡವನು ಗಟ್ಟಿಯಾಗಿ ಹಿಡಿದು ಕೂತರೆ ಸಾಕು, ಕಾಲವೇ ಅವನಿಗೆ ಕ್ರಯಪತ್ರ ಬರೆದುಕೊಡುತ್ತದೆ. ಭೂಮಿ ಕಳಕೊಂಡವರು ಎಸಿ ಕೋರ್ಟಿನ ಮೆಟ್ಟಿಲು ಹತ್ತಿಳಿದದ್ದು ಸಾಕು. ಅಧಿಕಾರಿಗಳೇ, ಹಳೆಯ ರಿಜಿಸ್ಟರು ಬಿಚ್ಚಿ. ಐದೂ ತಾಲ್ಲೂಕುಗಳ ಮಂಜೂರಾತಿ ಪಟ್ಟಿಯನ್ನು ಪಂಚಾಯ್ತಿ ಗೋಡೆಗೆ ಅಂಟಿಸಿ. 5ನೇ ಕಲಮಿನ ಅಧಿಕಾರ ನೀವೇ ಚಲಾಯಿಸಿ. ನಾವು ಕೇಳುತ್ತಿರುವುದು ದಾನವಲ್ಲ, ನೀವೇ ಬರೆದುಕೊಟ್ಟ ಭೂಮಿ.