ಯೂಟ್ಯೂಬಿನ ಆಕಾಶ, ನಮ್ಮ ಅಂಗಳದ ಆಕಾಶ



ಗಡಿನಾಡಿನ ಕನ್ನಡ ಶಾಲೆಗಳ ಕುರಿತು ನಾವು ಬರೆದುಕೊಳ್ಳುವುದೆಲ್ಲ ಬಹುಮಟ್ಟಿಗೆ ನೆಲದ ಸಂಗತಿಗಳೇ: ಅಧ್ಯಾಪಕರ ನೇಮಕ, ಪಠ್ಯಪುಸ್ತಕದ ವಿಳಂಬ, ಮಕ್ಕಳ ಸಂಖ್ಯೆ ಇಳಿದು ಡಿವಿಷನ್ ಬೀಳುವ ಭಯ. ಇಂದು ಆಕಾಶದ ವಿಷಯ ಬರೆಯುತ್ತೇನೆ. ಕೊನೆಗೆ ಅದೂ ನೆಲಕ್ಕೇ ಬಂದು ಮುಟ್ಟುತ್ತದೆ, ಸ್ವಲ್ಪ ತಾಳ್ಮೆಯಿರಲಿ.

ಮಂಜೇಶ್ವರದ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಿಕೆಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ಫೋನ್ ಮಾಡಿದ್ದಳು. "ಮಾಷ್ಟ್ರೇ, ಎಂಟನೆಯ ತರಗತಿಯ ಮಕ್ಕಳಿಗೆ ನಕ್ಷತ್ರದ ಹುಚ್ಚು ಹಿಡಿದಿದೆ. ತರಗತಿಯಲ್ಲಿ ಪ್ರೊಜೆಕ್ಟರ್ ಉಂಟು, ಇಂಟರ್‌ನೆಟ್ ಉಂಟು. ಯಾವ ಯೂಟ್ಯೂಬ್ ಚಾನೆಲ್ ತೋರಿಸಲಿ? ಕನ್ನಡದಲ್ಲಿ ಒಳ್ಳೆಯದು ಏನಾದರೂ ಉಂಟಾ?" ಪ್ರಶ್ನೆ ಚಿಕ್ಕದು. ಉತ್ತರ ಫೋನಿನಲ್ಲಿ ಮುಗಿಯಲಿಲ್ಲ. ಅದನ್ನು ಇಲ್ಲಿ ಮುಂದುವರಿಸುತ್ತಿದ್ದೇನೆ.

ನಾನು ಓದಿದ್ದು ಕನ್ನಡ ಎಂ.ಎ.; ಭೌತಶಾಸ್ತ್ರವಲ್ಲ. ನಿವೃತ್ತಿಯ ಮೇಲೆ ನಿದ್ದೆ ಕಡಿಮೆಯಾಗಿ, ರಾತ್ರಿ ಅಂಗಳಕ್ಕಿಳಿದು ಮೇಲೆ ನೋಡುವ ಚಟ ಹತ್ತಿತು. ಮಳೆಗಾಲದಲ್ಲಿ ಆ ಚಟವನ್ನು ಸಾಕಿ ಸಲಹಿದ್ದು ವಿಡಿಯೊಗಳು. ಆದುದರಿಂದ ಈ ಆಯ್ಕೆಯನ್ನು ಒಬ್ಬ ಹವ್ಯಾಸಿಯ ರುಚಿಯೆಂದಷ್ಟೇ ತಿಳಿಯಬೇಕು.

ನನ್ನ ಮೊದಲ ಮತ 'ಡೀಪ್ ಸ್ಕೈ ವಿಡಿಯೋಸ್' ಎಂಬುದಕ್ಕೆ. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಶಾರ್ಲ್ ಮೆಸಿಯೆ ಎಂಬ ಧೂಮಕೇತುಗಳ ಬೇಟೆಗಾರನಿದ್ದ. ಧೂಮಕೇತುವೆಂದು ಭ್ರಮೆ ಹುಟ್ಟಿಸುವ ಮಸುಕು ಬೆಳಕುಗಳನ್ನೆಲ್ಲ ಆತ ಪಟ್ಟಿಮಾಡಿಟ್ಟ. ಇವು ಬೇಡ, ಇವುಗಳಿಂದ ಮೋಸಹೋಗಬೇಡಿ ಎಂಬ ಎಚ್ಚರಿಕೆಯ ಪಟ್ಟಿ ಅದು. ಇಂದು 110 ಅಂಶಗಳಿರುವ ಆ ಬೇಡದವುಗಳ ಪಟ್ಟಿಯೇ ಹವ್ಯಾಸಿಗಳಿಗೆಲ್ಲ ತೀರ್ಥಯಾತ್ರೆಯ ದಾರಿಯಾಗಿದೆ. ಬ್ರಾಡಿ ಹೇರನ್ ಎಂಬ ವಿಡಿಯೊ ಪತ್ರಕರ್ತರು ನಾಟಿಂಗ್‌ಹ್ಯಾಂ ವಿಶ್ವವಿದ್ಯಾಲಯದ ವಿಜ್ಞಾನಿಗಳನ್ನು ಕೂಡಿಸಿಕೊಂಡು ಅವುಗಳನ್ನು ಒಂದೊಂದಾಗಿ ಮಾತಾಡಿಸಿದ್ದಾರೆ. ವಿಜ್ಞಾನಿಗಳು ಅಲ್ಲಿ ತಡವರಿಸುತ್ತಾರೆ, ನಗುತ್ತಾರೆ, ಗೊತ್ತಿಲ್ಲ ಎನ್ನುತ್ತಾರೆ. ಗೊತ್ತಿಲ್ಲವೆಂದು ಹೇಳುವ ದೊಡ್ಡವರನ್ನು ನಮ್ಮ ಮಕ್ಕಳು ನೋಡಬೇಕು.

ಆಕ್ಸ್‌ಫರ್ಡಿನ ಬೆಕಿ ಸ್ಮೆಥರ್ಸ್ಟ್ ಅವರ 'ಡಾಕ್ಟರ್ ಬೆಕಿ' ಚಾನೆಲ್ ಹೈಸ್ಕೂಲಿನ ದೊಡ್ಡ ಮಕ್ಕಳಿಗೆ ಹೊಂದುತ್ತದೆ. ಮಾತು ಮಾತ್ರ ವೇಗ. ನೀಕೊ ಕಾರ್ವರ್ ಅವರ 'ನೆಬ್ಯುಲಾ ಫೋಟೋಸ್' ನನಗೆ ಪ್ರಿಯವಾದುದಕ್ಕೆ ಬೇರೆ ಕಾರಣವಿದೆ. ದೂರದರ್ಶಕವಿಲ್ಲದೆ, ಸಾಮಾನ್ಯ ಕ್ಯಾಮರಾ ಮತ್ತು ಮುಕ್ಕಾಲಿ ಮಾತ್ರ ಇಟ್ಟುಕೊಂಡು ಮಹಾವ್ಯಾಧದ, ಅಂದರೆ ಓರಿಯನ್ನಿನ, ನೀಹಾರಿಕೆಯನ್ನು ಹಿಡಿಯುವ ಬಗೆಯನ್ನು ಅವರು ಹಂತಹಂತವಾಗಿ ತೋರಿಸಿದ್ದಾರೆ. ಭೂಮಿ ತಿರುಗುವುದರಿಂದ ದೀರ್ಘ ಕಾಲ ತೆರೆದಿಟ್ಟ ಕ್ಯಾಮರಾದಲ್ಲಿ ಚುಕ್ಕಿ ಗೆರೆಯಾಗುತ್ತದೆ. ಅದಕ್ಕೆ ಉಪಾಯವೆಂದರೆ ಒಂದೆರಡು ಸೆಕೆಂಡುಗಳ ನೂರಾರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸುವುದು. ಕೆನಡಾದ ಟ್ರೆವರ್ ಜೋನ್ಸ್ ಅವರ 'ಆಸ್ಟ್ರೋಬ್ಯಾಕ್‌ಯಾರ್ಡ್' ಕಣ್ಣಿಗೆ ಹಬ್ಬ. ಆದರೆ ಅಲ್ಲಿಯ ಸಲಕರಣೆಗಳ ಬೆಲೆ ಕೇಳಿದರೆ ನಮ್ಮ ಪಿ.ಟಿ.ಎ. ಸಭೆ ಎದ್ದು ಹೋದೀತು.

ಇವೆಲ್ಲಕ್ಕಿಂತ ಮಿಗಿಲಾಗಿ ನಾನು ಮತ್ತೆಮತ್ತೆ ನೋಡುವುದು ಜಾನ್ ಡಾಬ್ಸನ್ ಎಂಬ ಮುದುಕರು ದೂರದರ್ಶಕ ಕಟ್ಟುವ ಹಳೆಯ ವಿಡಿಯೊವನ್ನು. 1915ರಲ್ಲಿ ಬೀಜಿಂಗಿನಲ್ಲಿ ಹುಟ್ಟಿ, ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಮಠದಲ್ಲಿ ಸಂನ್ಯಾಸಿಯಾಗಿದ್ದವರು ಅವರು. ಮಠದಲ್ಲಿರುವಾಗಲೇ ಗುಜರಿ ಗಾಜನ್ನು ಉಜ್ಜಿ ದರ್ಪಣ ಮಾಡಿದರು; ಆ ಗೀಳಿನ ಕಾರಣದಿಂದಲೇ 1967ರಲ್ಲಿ ಮಠ ಬಿಡಬೇಕಾಯಿತು. ಅನಂತರ ಹಲಗೆ, ರಟ್ಟಿನ ಕೊಳವೆಗಳಿಂದ ಮಾಡಿದ ದೂರದರ್ಶಕವನ್ನು ಕಾಲುದಾರಿಯಲ್ಲಿಟ್ಟು ಹೋಗಿಬರುವವರನ್ನೆಲ್ಲ ಕರೆದು ಚಂದ್ರನನ್ನು ತೋರಿಸಿದರು. ಎರಡು ಗಾಜಿನ ಬಿಲ್ಲೆಗಳ ನಡುವೆ ಹರಳುಪುಡಿ ಹಾಕಿ ತಿಕ್ಕುತ್ತ ಹೋದರೆ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಈ ಒಂದು ದೃಶ್ಯಕ್ಕೆ ಭಾಷೆಯೇ ಬೇಡ.

ಇಷ್ಟು ಹೊಗಳಿದ ಮೇಲೆ ನನ್ನ ತಕರಾರು ಹೇಳಬೇಕು. ಈ ಚಾನೆಲ್‌ಗಳ ಆಕಾಶ ನಮ್ಮ ಆಕಾಶವಲ್ಲ.

ಅವುಗಳಲ್ಲಿ ಹೆಚ್ಚಿನವು 40ರಿಂದ 52 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ನಿಂತು ಮಾತಾಡುತ್ತವೆ. ಅಲ್ಲಿ ಧ್ರುವನಕ್ಷತ್ರ ಅರ್ಧ ಆಕಾಶದಷ್ಟು ಎತ್ತರ. ಕಾಸರಗೋಡು ಇರುವುದು ಹನ್ನೆರಡೂವರೆ ಡಿಗ್ರಿಯಲ್ಲಿ. ಧ್ರುವನೂ ಅಷ್ಟೇ ಎತ್ತರದಲ್ಲಿ, ತೆಂಗಿನ ತಲೆಗಳ ಹಿಂದೆ ಅಡಗಿರುತ್ತಾನೆ. ವಿಡಿಯೊ ನೋಡಿ ಹೊರಬಂದ ಮಗು ಧ್ರುವನನ್ನು ಎಲ್ಲೋ ಮೇಲೆ ಹುಡುಕಿ, ಕಾಣದೆ, ತನ್ನ ಊರಿನ ಆಕಾಶವೇ ಸರಿಯಿಲ್ಲವೆಂದುಕೊಳ್ಳುತ್ತದೆ. ಆಗಸ್ಟ್ 12, 13ರ ಉಲ್ಕಾವೃಷ್ಟಿಯನ್ನು ಆ ಚಾನೆಲ್‌ಗಳೆಲ್ಲ ಕೊಂಡಾಡುತ್ತವೆ. ನಮ್ಮ ಕರಾವಳಿಯಲ್ಲಿ ಆಗ ಬೀಳುವ ವೃಷ್ಟಿಯೇ ಬೇರೆ. ನಮಗೆ ಒದಗುವುದು ಡಿಸೆಂಬರ್ 13, 14ರ ಮಿಥುನದ ಉಲ್ಕೆಗಳು.

ನಮ್ಮಲ್ಲಿರುವುದು ಅವರಿಗಿಲ್ಲ ಎಂಬುದನ್ನು ಮಗುವಿಗೆ ಯಾರು ಹೇಳುತ್ತಾರೆ? ಅಗಸ್ತ್ಯ ನಕ್ಷತ್ರ ಲಂಡನ್ನಿನಲ್ಲಿ ಎಂದೂ ಮೂಡುವುದಿಲ್ಲ. ನಮಗದು ಫೆಬ್ರವರಿಯ ಸಂಜೆ ದಕ್ಷಿಣದಲ್ಲಿ ತಾನೇ ತಾನಾಗಿ ಹೊಳೆಯುತ್ತದೆ. ಮೇ ಮೊದಲ ವಾರದ ರಾತ್ರಿ ಹತ್ತರ ಸುಮಾರಿಗೆ ತ್ರಿಶಂಕುವಿನ ನಾಲ್ಕು ಚುಕ್ಕಿಗಳು ದಕ್ಷಿಣ ದಿಗಂತದ ಮೇಲೆ ನೆಟ್ಟಗೆ ನಿಲ್ಲುತ್ತವೆ. ಇನ್ನೊಂದು ಗಂಟೆ ಕಾದರೆ ಒಮೆಗಾ ಸೆಂಟಾರಿ ಎಂಬ ಲಕ್ಷಾಂತರ ತಾರೆಗಳ ಗೊಂಚಲು, ಒರೆಸಿದ ಚುಕ್ಕಿಯಂತೆ, ಬರಿಗಣ್ಣಿಗೇ ಸಿಗುತ್ತದೆ. ಟ್ರೆವರ್ ಜೋನ್ಸ್ ತಮ್ಮ ಹಿತ್ತಿಲಿನಿಂದ ಯಾವ ಸಲಕರಣೆಯಿಂದಲೂ ಅದನ್ನು ಹಿಡಿಯಲಾರರು.

ಇನ್ನು ಭಾಷೆ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣವನ್ನು ನೀವು ಮರೆತಿರಲಾರಿರಿ. ಅದರ ಪಥ ಕಾಸರಗೋಡು, ವಯನಾಡು, ನೀಲಗಿರಿಗಳ ಮೇಲೆ ಹಾದುಹೋಯಿತು. ಗಡಿನಾಡ ಕನ್ನಡಿಗರ ಮನೆಗಳನ್ನು ಹುಡುಕಿಕೊಂಡು ಬಂದಂತೆ! ಚೆರುವತ್ತೂರಿನಲ್ಲಿ ದೂರದೂರದವರು ಸೇರಿದ್ದರು. ಅದರ ಹಿಂದಿನ ವಾರ ನಾವು ಕೆಲವರು ಮಕ್ಕಳಿಗೆ ಇಂಗ್ಲಿಷ್ ವಿಡಿಯೊ ತೋರಿಸಿದೆವು. ಬಳಿಕ ಕೇಳಿದಾಗ, ಇದು ವರ್ಷಕ್ಕೊಮ್ಮೆ ಬರುವ ಗ್ರಹಣ ಎಂದ ಒಬ್ಬ ಹುಡುಗ. 'ಆನ್ಯುಲರ್' ಎಂಬುದು ಅವನ ಕಿವಿಗೆ 'ಆನ್ಯುವಲ್' ಆಗಿತ್ತು. ಪರೀಕ್ಷೆಯ ಕಾರಣದಿಂದ ಆನ್ಯುವಲ್ ಅವನಿಗೆ ಚೆನ್ನಾಗಿ ಗೊತ್ತು. ಕಂಕಣ ಎಂದೊಡನೆ ಹೆಣ್ಣುಮಕ್ಕಳು ಕೈಬಳೆಯನ್ನು ಎತ್ತಿ ಹಿಡಿದರು. ವ್ಯಾಖ್ಯಾನ ಮುಗಿಯಿತು. ಗ್ರಹಣದ ದಿನ ಒಂಬತ್ತೂವರೆಯ ಸುಮಾರಿಗೆ ಗೇರುಮರದ ಎಲೆಗಳ ಸಂದಿನಿಂದ ಬಿದ್ದ ಬಿಸಿಲು ನೆಲದ ತುಂಬ ಪುಟ್ಟಪುಟ್ಟ ಬಳೆಗಳಾಯಿತು. ಒಬ್ಬಳು ಓಡಿಹೋಗಿ ಮನೆಯಿಂದ ಜರಡಿ ತಂದಳು. ಅದರ ಕಣ್ಣುಕಣ್ಣಿನಲ್ಲೂ ಒಂದೊಂದು ಬಳೆ.

ಭಾಷೆ ಮಾಡುವ ಕೆಲಸ ಇದು. ಇಲ್ಲಿ ಕನ್ನಡ ಅಭಿಮಾನದ ಪ್ರಶ್ನೆಯಲ್ಲ, ಅರ್ಥದ ಪ್ರಶ್ನೆ. ಆದರೆ ಕನ್ನಡದಲ್ಲಿ 'ಗ್ರಹಣ' ಎಂದು ಹುಡುಕಿ ನೋಡಿ: ಯಾವ ರಾಶಿಗೆ ಯಾವ ದೋಷ, ಯಾರು ಏನು ದಾನ ಕೊಡಬೇಕು ಎಂಬುದೇ ಮುಂದೆ ಬಂದು ನಿಲ್ಲುತ್ತದೆ. ಬಲ್ಲವರು ಖಾಲಿ ಬಿಟ್ಟ ಜಗಲಿಯಲ್ಲಿ ಬೇರೆಯವರು ಅಂಗಡಿ ಹಾಕಿದ್ದಾರೆ. ಯಂತ್ರಾನುವಾದದ ಉಪಶೀರ್ಷಿಕೆಯನ್ನು ಒತ್ತಿದರೆ ಕರ್ಕಾಟಕ ರಾಶಿಯಿರಬೇಕಾದಲ್ಲಿ ರೋಗದ ಹೆಸರು ಬಂದದ್ದನ್ನು ಕಂಡಿದ್ದೇನೆ. ಮಡಿಕೇರಿಯಲ್ಲಿ ಹುಟ್ಟಿದ ಜಿ.ಟಿ. ನಾರಾಯಣ ರಾಯರು, ಬೆಂಗಳೂರಿನ ತಾರಾಲಯದಲ್ಲಿದ್ದ ಬಿ.ಎಸ್. ಶೈಲಜಾ ಅವರು ಕನ್ನಡದಲ್ಲಿ ಆಕಾಶವನ್ನು ಬರೆದು ತೋರಿಸಿದ್ದಾರೆ, ಪದಗಳಿಗೆ ಬಡತನವಿಲ್ಲ.

ನಮ್ಮ ಅಜ್ಜಿಯರಲ್ಲೂ ಬಡತನವಿರಲಿಲ್ಲ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು ಎಂದು ಮಳೆಗೆ ನಕ್ಷತ್ರದ ಹೆಸರಿಟ್ಟು ಬೇಸಾಯ ಮಾಡಿದವರು ನಾವು. ಆದರೆ ಆರಿದ್ರ ಮಳೆ ಗೊತ್ತಿರುವ ಮಗುವಿಗೆ ಆರಿದ್ರ ನಕ್ಷತ್ರ ಯಾವುದೆಂದು ಗೊತ್ತಿಲ್ಲ. ಬೀಟಲ್‌ಜ್ಯೂಸ್ ಎಂದು ಎಲ್ಲ ಚಾನೆಲ್‌ಗಳೂ ಹೇಳುವ ಕೆಂಪು ತಾರೆಯೇ ಅದು. ಜೂನ್ 22ರ ಸುಮಾರಿಗೆ ಸೂರ್ಯ ಆ ಕಡೆಗೆ ಬರುವುದರಿಂದ ಮಳೆಗೆ ಆ ಹೆಸರು. ಅದೇ ಕಾರಣಕ್ಕೆ ಆರಿದ್ರ ಮಳೆ ಸುರಿಯುವಾಗ ಮೋಡ ಸರಿದರೂ ಆ ನಕ್ಷತ್ರ ಕಾಣದು, ಅದು ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಜನವರಿಯ ರಾತ್ರಿ ಹತ್ತು ದಾಟಿದ ಮೇಲೆ ನೋಡಿ, ನೆತ್ತಿಯ ಬಳಿಯಲ್ಲೇ ಇರುತ್ತದೆ. ಕಂಕಣಗ್ರಹಣವಾದ ಅದೇ ಚಳಿಗಾಲದಲ್ಲಿ ಈ ಆರಿದ್ರ ಕಣ್ಣಿಗೆ ಕಾಣುವಷ್ಟು ಮಂಕಾಯಿತು. ಪಕ್ಕದ ರೋಹಿಣಿಯೊಂದಿಗೆ ಹೋಲಿಸಿ ನೋಡಿದರೆ ಸಾಕಾಗಿತ್ತು, ಉಪಕರಣ ಬೇಕಿರಲಿಲ್ಲ. ತಾರೆಯೇ ಹೊರಚೆಲ್ಲಿದ ಧೂಳು ನಮ್ಮ ಕಡೆಯ ಬೆಳಕನ್ನು ಮರೆಮಾಡಿತೆಂದು ಆಮೇಲೆ ವಿಜ್ಞಾನಿಗಳು ವಿವರಿಸಿದರು.

ಹಾಗಾದರೆ ಆ ಅಧ್ಯಾಪಿಕೆಗೆ ನಾನು ಹೇಳಿದ್ದೇನು? ವಿಡಿಯೊ ತೋರಿಸು, ಧ್ವನಿ ಮುಚ್ಚು. ಮಾತು ನಿನ್ನದಿರಲಿ. ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಅದರ ಎರಡರಷ್ಟು ಹೊತ್ತು ಅಂಗಳ. ಸಾಧ್ಯವಾದರೆ ವರ್ಷಕ್ಕೊಮ್ಮೆ ಮಂಗಳೂರಿನ ಪಿಲಿಕುಳದ ತಾರಾಲಯ.

ಇಲ್ಲಿಯೇ ನನ್ನ ಭಯವನ್ನೂ ಹೇಳಿಬಿಡುತ್ತೇನೆ. ಕನ್ನಡ ಮಾಧ್ಯಮದ ಒಂದು ಹೈಸ್ಕೂಲಿಗೆ ಕನ್ನಡ ಬಾರದ ವಿಜ್ಞಾನ ಅಧ್ಯಾಪಕರು ಬಂದಾಗ, ಮಕ್ಕಳು ಹೇಗೂ ಯೂಟ್ಯೂಬ್ ನೋಡಿ ಕಲಿಯುತ್ತಾರಲ್ಲ ಎಂಬ ಸಮಾಧಾನದ ಮಾತು ಕೇಳಿಬಂತು. ಆ ಮಾತನ್ನು ಒಪ್ಪಿದ ದಿನ ನಾವು ಸೋತಂತೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳಿದ್ದು 1956ರಲ್ಲಿ, ನಮ್ಮ ಗಡಿಗಳನ್ನು ಎಳೆದ ವರ್ಷದಲ್ಲಿಯೇ. ವಿಡಿಯೊ ಖಾಲಿ ಹುದ್ದೆಗೆ ಭರ್ತಿಯಾಗಲಾರದು. ಕಂಕಣ ಎನ್ನಲು ತರಗತಿಯಲ್ಲಿ ಒಬ್ಬರು ಇರಬೇಕು.

ಮೊದಲಿಗೆ ನೆಲಕ್ಕೆ ಬರುತ್ತೇನೆಂದೆ. ಎರಟೋಸ್ತನೀಸ್ ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನ ಎರಡು ಊರುಗಳ ಮಧ್ಯಾಹ್ನದ ನೆರಳಿನಿಂದ ಭೂಮಿಯ ಸುತ್ತಳತೆ ಕಂಡುಹಿಡಿದ ಕಥೆಯನ್ನು ಎಲ್ಲ ಚಾನೆಲ್‌ಗಳೂ ಹೇಳುತ್ತವೆ. ಅದನ್ನು ಮಾಡಲು ಬೇಕಾದದ್ದು ಉತ್ತರ ದಕ್ಷಿಣವಾಗಿ ದೂರವಿರುವ, ಒಬ್ಬರಿಗೊಬ್ಬರು ಮಾತು ತಿಳಿಯುವ ಎರಡು ಊರುಗಳ ಜನ. ನಕಾಶೆ ತೆಗೆದು ನೋಡಿ: ಕಾಸರಗೋಡು 12.5 ಡಿಗ್ರಿ, ಅಕ್ಕಲಕೋಟೆ 17.5 ಡಿಗ್ರಿ. ರೇಖಾಂಶದಲ್ಲಿ ಬರಿಯ ಒಂದು ಡಿಗ್ರಿಯಷ್ಟು ವ್ಯತ್ಯಾಸ. ಎರಡೂ ಕಡೆ ಕನ್ನಡ ಶಾಲೆಗಳಿವೆ.

ಮಾರ್ಚ್ 21ರಂದು ಎರಡೂ ಶಾಲೆಗಳಲ್ಲಿ ಒಂದು ಮೀಟರಿನ ನೇರ ಕೋಲನ್ನು ತೂಗುಗುಂಡಿನ ಸಹಾಯದಿಂದ ಲಂಬವಾಗಿ ನಿಲ್ಲಿಸಬೇಕು. ಹನ್ನೆರಡೂವರೆ ದಾಟಿದ ಮೇಲೆ, ನೆರಳು ಅತ್ಯಂತ ಮೋಟಾಗುವ ಕ್ಷಣದಲ್ಲಿ ಅಳೆಯಬೇಕು. ಕಾಸರಗೋಡಿನಲ್ಲಿ ಸುಮಾರು 22 ಸೆಂಟಿಮೀಟರ್ ಬಂದೀತು, ಅಕ್ಕಲಕೋಟೆಯಲ್ಲಿ 31ಕ್ಕೂ ಮಿಕ್ಕಿ. ಕಾಗದದ ಮೇಲೆ ತ್ರಿಕೋನ ಬರೆದು ಕೋನಮಾಪಕವಿಟ್ಟರೆ ಎರಡು ಕೋನಗಳ ವ್ಯತ್ಯಾಸ ಸುಮಾರು 5 ಡಿಗ್ರಿ, ಅಂದರೆ ಪೂರ್ಣ ವೃತ್ತದ 72ರಲ್ಲಿ ಒಂದು ಪಾಲು. ಎರಡು ಊರುಗಳ ಉತ್ತರ ದಕ್ಷಿಣ ಅಂತರವನ್ನು ನಕಾಶೆಯ ಮಾಪಕದಿಂದ ಅಳೆದರೆ ಸುಮಾರು 555 ಕಿಲೋಮೀಟರ್. ಇದನ್ನು 72ರಿಂದ ಗುಣಿಸುವ ಕೆಲಸ ಮಕ್ಕಳದು. ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿದರೆ ಉತ್ತರ ಸಾವಿರಾರು ಕಿಲೋಮೀಟರ್ ಹಾರುತ್ತದೆ. ಹಾರಲಿ, ಏಕೆ ಹಾರಿತೆಂದು ಎರಡು ಶಾಲೆಗಳೂ ಫೋನಿನಲ್ಲಿ ಜಗಳವಾಡಲಿ. ಆ ಜಗಳವನ್ನು ಮೊಬೈಲಿನಲ್ಲಿ ಚಿತ್ರಿಸಿ ಹಾಕಿದರೆ, ಅಧ್ಯಾಪಿಕೆ ಕೇಳಿದ ಕನ್ನಡ ವಿಡಿಯೊ ಅದೇ ಆಗುತ್ತದೆ.

ಕಾಸರಗೋಡಿನ ಕೋಲಿನ ಹೊಣೆ ನನ್ನದು; ಆ ಶಾಲೆಯಲ್ಲಿ ಮಾತಾಡಿಯಾಗಿದೆ. ಅಕ್ಕಲಕೋಟೆ, ಸೊಲ್ಲಾಪುರ, ಜತ್ತದ ಕಡೆಯ ಮಿತ್ರರಲ್ಲಿ ಯಾರು ಆ ತುದಿಯ ಕೋಲು ನೆಡುತ್ತೀರಿ? ನಡುವೆ ಆದವಾನಿ, ಮಡಕಶಿರದವರೂ ಸೇರಿದರೆ ಲೆಕ್ಕ ಇನ್ನಷ್ಟು ಗಟ್ಟಿಯಾಗುತ್ತದೆ. ಫೆಬ್ರವರಿಯ ಒಳಗೆ ತಿಳಿಸಿದರೆ ಮಕ್ಕಳಿಗೆ ಒಂದೆರಡು ಬಾರಿ ಅಳೆದು ಅಭ್ಯಾಸ ಮಾಡಲು ಸಮಯ ಸಿಗುತ್ತದೆ.