ಕೊನೆಯ ತಿದ್ದುಪಡಿಯೇ ಸತ್ಯವೇ?

‘ಪ್ರತಿ’ ಎಂಬ ಪದಕ್ಕೆ ನಮ್ಮ ನುಡಿಯಲ್ಲಿ ಎರಡು ಮುಖಗಳಿವೆ. ಒಂದನ್ನು ನೋಡಿ ಇಳಿಸಿಕೊಂಡ ಇನ್ನೊಂದು ಪ್ರತಿಯೆನಿಸುತ್ತದೆ. ಒಂದಕ್ಕೆ ಎದುರಾಗಿ ನಿಲ್ಲುವುದಕ್ಕೂ ಇದೇ ಪದ ಸೇರಿಕೊಂಡು ಪ್ರತಿವಾದಿ, ಪ್ರತಿಪಕ್ಷ ಎಂಬ ಮಾತುಗಳಾಗಿವೆ. ಓಲೆಗರಿಯ ಗ್ರಂಥಗಳೊಡನೆ ಕೆಲಕಾಲವಾದರೂ ಕಳೆದವರಿಗೆ ಇದು ಬರಿಯ ಶಬ್ದಚಮತ್ಕಾರವಲ್ಲ. ಒಂದೇ ಕಾವ್ಯದ ಎರಡು ಪ್ರತಿಗಳು ಕೈಸೇರಿದ ದಿನವೇ ಅವೆರಡರ ನಡುವಣ ವ್ಯಾಜ್ಯವೂ ಮೊದಲಾಗುತ್ತದೆ. ಆ ವ್ಯಾಜ್ಯವೇ ಇಂದು ಗಣಕಯಂತ್ರಗಳ ದತ್ತಾಂಶ ಭಂಡಾರಗಳಲ್ಲಿ ಮತ್ತೊಂದು ರೂಪದಿಂದ ತಲೆಯೆತ್ತಿದೆ. ಕನ್ನಡ ಪಂಡಿತನೊಬ್ಬನು ಯಂತ್ರವಿಷಯವಾಗಿ ಬರೆಯಹೊರಟದ್ದು ಅಧಿಕಪ್ರಸಂಗವೆಂದು ತೋರಿದರೆ ವಾಚಕ ಮಹಾಶಯರು ಮನ್ನಿಸಬೇಕು. ಇದನ್ನು ಬರೆಯಲು ಕಾರಣವಾದ ಪ್ರಸಂಗವನ್ನು ಮೊದಲು ನಿವೇದಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಓದುತ್ತಿದ್ದ ರೈತಕುಟುಂಬದ ಬಾಲಿಕೆಯೊಬ್ಬಳ ಹೆಸರು ವಿದ್ಯಾರ್ಥಿವೇತನದ ದಾಖಲೆಯಲ್ಲಿ ಒಂದಕ್ಷರ ತಪ್ಪಾಗಿ ನಮೂದಾಗಿತ್ತು. ಆಕೆಯ ತಂದೆಯವರು ಎರಡು ದಿನದ ಕೂಲಿಯನ್ನು ಬಿಟ್ಟು ಕಚೇರಿಗೆ ಅಲೆದು ಅದನ್ನು ಸರಿಪಡಿಸಿಕೊಂಡು ಬಂದರು. ಅದೇ ದಿನ ಮತ್ತೊಂದು ಕಡೆಯಲ್ಲಿ ಗುಮಾಸ್ತರೊಬ್ಬರು ಅದೇ ದಾಖಲೆಯ ಪುಟವನ್ನು ಬೆಳಿಗ್ಗೆ ತೆರೆದಿಟ್ಟುಕೊಂಡು, ಸಂಜೆ ಬ್ಯಾಂಕಿನ ಖಾತೆಯ ಸಂಖ್ಯೆಯನ್ನು ತಿದ್ದಿ ಉಳಿಸಿದರು. ಅವರ ಮುಂದಿದ್ದುದು ಬೆಳಗಿನ ಪುಟ. ಅದರಲ್ಲಿ ಹಳೆಯ ಹೆಸರೇ ಇತ್ತು. ಸಂಜೆ ಉಳಿಸಿದ ಪುಟವೇ ಕೊನೆಯದೆಂದು ಯಂತ್ರವು ಅಂಗೀಕರಿಸಿತು; ಮಧ್ಯಾಹ್ನ ಸರಿಯಾದ ಹೆಸರು ಸದ್ದಿಲ್ಲದೆ ಅಳಿಸಿಹೋಯಿತು. ಹಣ ಬಾರದೆ ಹೋದಾಗಲೇ ವಿಷಯ ಹೊರಬಿದ್ದದ್ದು. ತಂದೆಯವರು ತಿದ್ದಿಸಿದ್ದೇವೆಂದರು, ದಾಖಲೆ ಇಲ್ಲವೆಂದಿತು. ಎಲ್ಲರೂ ನಂಬಿದ್ದು ದಾಖಲೆಯನ್ನು.

ನಮ್ಮ ಶಾಲೆಯಲ್ಲಿಯೇ ಓದಿ ಈಗ ಬೆಂಗಳೂರಿನಲ್ಲಿ ದತ್ತಾಂಶ ಭಂಡಾರಗಳ ಉದ್ಯೋಗದಲ್ಲಿರುವ ಶಿಷ್ಯನೊಬ್ಬನಲ್ಲಿ ಈ ಸಂಗತಿಯನ್ನು ಪ್ರಸ್ತಾಪಿಸಿದೆ. ‘ಗುರುಗಳೇ, ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಕೊನೆಗೆ ಬಂದವನ ಮಾತೇ ಮಾತು ಎಂದು ಯಂತ್ರಕ್ಕೆ ಕಲಿಸಿದ್ದೇವೆ, ಅಷ್ಟೇ’ ಎಂದ. ಆ ಬಳಿಕ ಅವನು ಹಲವು ಸಂಜೆಗಳ ಕಾಲ ವಿವರಿಸಿದ್ದನ್ನೂ ನಾನು ಓದಿ ತಿಳಿದದ್ದನ್ನೂ ಇಲ್ಲಿ ನನ್ನ ಮಾತುಗಳಲ್ಲಿ ಹೇಳುತ್ತಿದ್ದೇನೆ.

ದೊಡ್ಡ ಭಂಡಾರಗಳು ಒಂದು ದಾಖಲೆಯನ್ನು ಒಂದೇ ಯಂತ್ರದಲ್ಲಿ ಇಡುವುದಿಲ್ಲ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಮೂರು ಊರುಗಳ ಯಂತ್ರಗಳಲ್ಲಿ ಅದರ ಪ್ರತಿಗಳನ್ನಿಡುತ್ತವೆ. ಯಂತ್ರಗಳ ನಡುವಣ ಸಂಪರ್ಕ ಕಡಿದುಹೋದಾಗಲೂ ಜನರು ಕಾಯಬಾರದೆಂದು ಪ್ರತಿಯೊಂದು ಕಡೆಯಲ್ಲಿಯೂ ತಿದ್ದಲು ಅವಕಾಶ ಕೊಡುತ್ತವೆ. ಹೀಗೆ ಬೇರೆ ಬೇರೆ ಕಡೆ ತಿದ್ದಿಸಿಕೊಂಡ ಪ್ರತಿಗಳು ಮತ್ತೆ ಕೂಡಿದಾಗ ಯಾವುದು ಯಾವುದರ ಮುಂದಿನದು ಎಂಬ ಪ್ರಶ್ನೆ ಏಳುತ್ತದೆ.

ಗಡಿಯಾರವನ್ನು ಕೇಳಿದರಾಯಿತೆಂದು ಸಾಮಾನ್ಯರಿಗೆ ತೋರುವುದು ಸಹಜ. ಆದರೆ ಗಡಿಯಾರಗಳೂ ಪ್ರತಿಗಳೇ, ಅವುಗಳಲ್ಲಿಯೂ ಪಾಠಾಂತರಗಳುಂಟು. ಯಂತ್ರದೊಳಗಿನ ಸಾಧಾರಣ ಗಡಿಯಾರವನ್ನು ಸರಿಪಡಿಸದೆ ಬಿಟ್ಟರೆ ದಿನಕ್ಕೆ ಒಂದು ಸೆಕೆಂಡಿನಷ್ಟು ಹಿಂದುಮುಂದಾಗಬಲ್ಲುದು. ಮುಂದೆ ಓಡುವ ಗಡಿಯಾರವುಳ್ಳ ಯಂತ್ರದ ತಿದ್ದುಪಡಿ, ನಿಜವಾಗಿ ಮೊದಲೇ ಆದುದಾದರೂ, ಕೊನೆಯದೆಂಬ ಮನ್ನಣೆ ಪಡೆಯುತ್ತದೆ. ಒಂದು ವೇಳೆ ಗಡಿಯಾರಗಳೆಲ್ಲವೂ ಒಂದಾಗಿದ್ದರೂ ತೊಡಕು ನೀಗದು. ನಮ್ಮ ಬಾಲಿಕೆಯ ಪ್ರಸಂಗದಲ್ಲಿ ಗಡಿಯಾರ ತಪ್ಪಿರಲಿಲ್ಲ. ಸಂಜೆ ನಿಜವಾಗಿಯೂ ಮಧ್ಯಾಹ್ನದ ನಂತರವೇ ಬಂದಿತ್ತು. ಸಂಜೆಯ ತಿದ್ದುಪಡಿಗೆ ಮಧ್ಯಾಹ್ನದ ತಿದ್ದುಪಡಿಯ ಅರಿವಿರಲಿಲ್ಲ ಎಂಬುದೇ ಅಲ್ಲಿಯ ದೋಷ.

ಈ ಮರ್ಮವನ್ನು ಅಮೆರಿಕದ ಲೆಸ್ಲಿ ಲ್ಯಾಂಪೋರ್ಟ್ ಅವರು 1978ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸ್ಪಷ್ಟಪಡಿಸಿದರು. ಒಂದು ಘಟನೆಯ ಸುದ್ದಿ ಇನ್ನೊಂದಕ್ಕೆ ತಲಪುವಂತಿದ್ದರೆ ಮಾತ್ರ ಮೊದಲನೆಯದನ್ನು ಪೂರ್ವ, ಎರಡನೆಯದನ್ನು ಉತ್ತರ ಎನ್ನಬೇಕು. ಎರಡರಲ್ಲಿ ಯಾವುದರ ಸುದ್ದಿಯೂ ಇನ್ನೊಂದಕ್ಕೆ ತಲಪದಿದ್ದರೆ ಅವುಗಳ ನಡುವೆ ಪೂರ್ವಾಪರವೇ ಇಲ್ಲ. ಇಂಥವನ್ನು ಕನ್ನಡದಲ್ಲಿ ‘ಏಕಕಾಲಿಕ’ ಎಂದು ಅನುವಾದಿಸುವುದುಂಟು. ಈ ಪದ ದಾರಿ ತಪ್ಪಿಸುತ್ತದೆಂದು ನನ್ನ ನಮ್ರ ಅಭಿಪ್ರಾಯ. ಸೋಮವಾರದ ತಿದ್ದುಪಡಿಯೂ ಗುರುವಾರದ ತಿದ್ದುಪಡಿಯೂ ಒಂದನ್ನೊಂದು ಅರಿಯದಿದ್ದರೆ ಶಾಸ್ತ್ರದ ದೃಷ್ಟಿಯಲ್ಲಿ ಅವು ಇದೇ ವರ್ಗಕ್ಕೆ ಸೇರುತ್ತವೆ. ‘ಪರಸ್ಪರಾಜ್ಞಾತ’ ಎಂದರೆ ಅರ್ಥವು ಸರಿಯಾಗಿ ಹೊಂದುತ್ತದೆ.

ಗ್ರಂಥಸಂಪಾದಕರಿಗೆ ಇದು ಹೊಸತಲ್ಲ. ಎರಡು ಹಸ್ತಪ್ರತಿಗಳಲ್ಲಿ ಈಚಿನದು ಆಚಿನದರಿಂದಲೇ ಇಳಿದುಬಂದಿರಬೇಕೆಂಬ ನಿಯಮವಿಲ್ಲ. ನೂರು ವರ್ಷ ಈಚಿನ ಪ್ರತಿ ಬೇರೊಂದು ಉತ್ತಮ ಮಾತೃಕೆಯಿಂದ ಇಳಿದು ಶುದ್ಧಪಾಠವನ್ನು ಉಳಿಸಿಕೊಂಡಿರಬಹುದು. ಆದುದರಿಂದ ಸಂಪಾದಕನು ಪ್ರತಿಯ ವಯಸ್ಸಿಗಿಂತ ಹೆಚ್ಚಾಗಿ ಅದರ ವಂಶವನ್ನು ಶೋಧಿಸುತ್ತಾನೆ.

ಯಂತ್ರಕ್ಕೆ ಈ ವಂಶಶೋಧನೆಯನ್ನು ಕಲಿಸುವ ಉಪಾಯವನ್ನು 1983ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪಾರ್ಕರ್ ಮತ್ತು ಸಂಗಡಿಗರು ನಿರೂಪಿಸಿದರು. ಅದಕ್ಕೆ ವರ್ಷನ್ ವೆಕ್ಟರ್ ಎಂದು ಹೆಸರು. ನಾವು ‘ಆವೃತ್ತಿಪಟ್ಟಿ’ ಎನ್ನೋಣ. ಕ, ಚ, ಟ ಎಂಬ ಮೂರು ಯಂತ್ರಗಳಿವೆಯೆಂದು ಭಾವಿಸಿರಿ. ಪ್ರತಿಯೊಂದು ದಾಖಲೆಯೂ ತಾನು ಯಾವ ಯಂತ್ರದ ಎಷ್ಟನೆಯ ತಿದ್ದುಪಡಿಯವರೆಗೆ ಬಲ್ಲೆನೆಂಬುದನ್ನು ಪಟ್ಟಿಯಾಗಿ ಹೊತ್ತುಕೊಂಡಿರುತ್ತದೆ. ಮೂಲದಾಖಲೆ ‘ಕ 1’ ಎಂದಿರಲಿ. ಅದನ್ನು ಕ ಯಂತ್ರದಲ್ಲಿಯೇ ತಿದ್ದಿದರೆ ‘ಕ 2’ ಆಯಿತು. ಇದನ್ನರಿಯದೆ ಮೂಲವನ್ನೇ ಚ ಯಂತ್ರದಲ್ಲಿ ತಿದ್ದಿದರೆ ‘ಕ 1, ಚ 1’ ಆಯಿತು. ಈಗ ಎರಡನ್ನೂ ತೂಗಿ ನೋಡಿರಿ: ಕ ಯಂತ್ರದ ಲೆಕ್ಕದಲ್ಲಿ ಮೊದಲನೆಯದು ಹೆಚ್ಚು, ಚ ಯಂತ್ರದ ಲೆಕ್ಕದಲ್ಲಿ ಎರಡನೆಯದು ಹೆಚ್ಚು. ಯಾವುದೂ ಇನ್ನೊಂದನ್ನು ಒಳಗೊಂಡಿಲ್ಲ; ಆದುದರಿಂದ ಇವು ಪರಸ್ಪರಾಜ್ಞಾತ. ಬಳಿಕ ಟ ಯಂತ್ರದಲ್ಲಿ ಕುಳಿತ ಒಬ್ಬರು ಎರಡನ್ನೂ ನೋಡಿ ಒಂದು ಮಾಡಿದರೆ ‘ಕ 2, ಚ 1, ಟ 1’ ಆಗುತ್ತದೆ; ಅದು ಎರಡನ್ನೂ ಬಲ್ಲದ್ದಾದುದರಿಂದ ಅವೆರಡನ್ನೂ ನಿರಾತಂಕವಾಗಿ ತೆರವು ಮಾಡಬಹುದು. ಇಲ್ಲಿ ಎಲ್ಲಿಯೂ ಗಡಿಯಾರದ ಮಾತು ಬರಲಿಲ್ಲವೆಂಬುದನ್ನು ಗಮನಿಸಬೇಕು.

ಇದರಲ್ಲಿಯೂ ಸೂಕ್ಷ್ಮಗಳುಂಟು. ಇಬ್ಬರು ‘ಕ 1’ನ್ನೇ ಓದಿ, ಒಬ್ಬರನ್ನೊಬ್ಬರು ಅರಿಯದೆ, ಕ ಯಂತ್ರದಲ್ಲಿಯೇ ತಿದ್ದಿದರೆ ಒಂದಕ್ಕೆ 2, ಇನ್ನೊಂದಕ್ಕೆ 3 ಎಂಬ ಅಂಕ ಬೀಳುತ್ತದೆ, ಆಗ 3 ಎಂಬುದು 2ನ್ನು ಬಲ್ಲದ್ದೆಂಬ ಭ್ರಾಂತಿ ಹುಟ್ಟುತ್ತದೆ. ತಿದ್ದುವ ಪ್ರತಿಯೊಬ್ಬರಿಗೂ ಪಟ್ಟಿಯಲ್ಲಿ ಸ್ಥಾನ ಕೊಟ್ಟರೆ ಪಟ್ಟಿ ಮಿತಿಮೀರಿ ಬೆಳೆಯುತ್ತದೆ. 2010ರಿಂದೀಚೆಗೆ ಪೋರ್ಚುಗಲ್ಲಿನ ವಿದ್ವಾಂಸರು ಇದಕ್ಕೊಂದು ಸರಳ ಪರಿಹಾರ ಸೂಚಿಸಿದರು: ತಿದ್ದುಪಡಿಯ ಸ್ವಂತ ಅಂಕವನ್ನು ಅದು ಬಲ್ಲ ಪೂರ್ವಪಟ್ಟಿಯಿಂದ ಬೇರ್ಪಡಿಸಿ ಬರೆಯುವುದು. ‘ನನ್ನ ಅಂಕ ಕ 3, ನಾನು ಬಲ್ಲದ್ದು ಕ 1ರವರೆಗೆ ಮಾತ್ರ’ ಎಂದು ದಾಖಲೆಯೇ ನುಡಿಯುತ್ತದೆ. ಪ್ರತಿಕಾರನು ತನ್ನ ಹೆಸರನ್ನೂ ತಾನು ನೋಡಿ ಬರೆದ ಮಾತೃಕೆಯ ಹೆಸರನ್ನೂ ಬೇರೆ ಬೇರೆಯಾಗಿ ನಮೂದಿಸಿದಂತೆ ಇದು. ರಿಯಾಕ್ ಎಂಬ ಭಂಡಾರವು 2014ರ ತನ್ನ ಆವೃತ್ತಿಯಲ್ಲಿ ಈ ಕ್ರಮವನ್ನು ಅಳವಡಿಸಿಕೊಂಡಿತು.

ಭೇದವನ್ನು ಕಂಡುಹಿಡಿಯುವುದು ಒಂದು ಕಾರ್ಯ, ಅದನ್ನು ಬಗೆಹರಿಸುವುದು ಬೇರೊಂದು ಕಾರ್ಯ. ಅಮೆಜಾನ್ ವ್ಯಾಪಾರಸಂಸ್ಥೆಯ ತಂತ್ರಜ್ಞರು 2007ರಲ್ಲಿ ತಮ್ಮ ಡೈನಮೋ ಎಂಬ ಭಂಡಾರದ ವಿವರವನ್ನು ಪ್ರಕಟಿಸಿದರು. ಗಿರಾಕಿಯು ಬುಟ್ಟಿಗೆ ಒಂದು ವಸ್ತುವನ್ನು ಹಾಕಹೋದಾಗ ‘ಈಗ ಆಗದು’ ಎಂದು ಎಂದಿಗೂ ಹೇಳಬಾರದೆಂಬುದು ಅವರ ಸಂಕಲ್ಪ. ಬುಟ್ಟಿಯ ಎರಡು ಪ್ರತಿಗಳು ಕವಲೊಡೆದರೆ ಎರಡನ್ನೂ ಉಳಿಸಿಕೊಂಡು, ಮುಂದೆ ಎರಡರಲ್ಲಿರುವ ವಸ್ತುಗಳನ್ನೂ ಸೇರಿಸಿ ಒಂದು ಬುಟ್ಟಿ ಮಾಡುತ್ತಿದ್ದರು. ಇದರಿಂದ ಹಾಕಿದ ವಸ್ತು ಕಳೆಯದು; ಆದರೆ ಗಿರಾಕಿ ತೆಗೆದುಹಾಕಿದ ವಸ್ತು ಒಮ್ಮೊಮ್ಮೆ ಮರಳಿ ಕಾಣಿಸಿಕೊಳ್ಳುತ್ತದೆ. ಇದನ್ನು ಅವರೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. 24 ಗಂಟೆಗಳ ಅವಲೋಕನದಲ್ಲಿ ಶೇಕಡ 99.94ರಷ್ಟು ಕೋರಿಕೆಗಳಿಗೆ ಒಂದೇ ಪ್ರತಿ ಕಂಡಿತೆಂದೂ ಅವರು ತಿಳಿಸಿದ್ದಾರೆ.

ಇಷ್ಟು ಅಪರೂಪದ ತೊಡಕಿಗೆ ಇಷ್ಟು ಶ್ರಮವೇಕೆ, ಕೊನೆಯದನ್ನು ಉಳಿಸಿಕೊಂಡು ಮುಂದೆ ಸಾಗಬಾರದೆ ಎಂದು ಕೇಳುವವರಿದ್ದಾರೆ. ಕಸಾಂಡ್ರದಂತಹ ಪ್ರಸಿದ್ಧ ಭಂಡಾರಗಳು ಕಾಲಮುದ್ರೆಯನ್ನು ನೋಡಿ ಕೊನೆಯದನ್ನೇ ಉಳಿಸಿಕೊಳ್ಳುವ ಕ್ರಮವನ್ನು ಅನುಸರಿಸುತ್ತವೆ. ಅದರಲ್ಲಿ ವೇಗವಿದೆ, ಸರಳತೆಯಿದೆ. ಉಷ್ಣಮಾಪಕದ ಅಂಕಗಳನ್ನು ಗಳಿಗೆಗೊಮ್ಮೆ ಬರೆಯುವಲ್ಲಿ ಕೊನೆಯ ಅಂಕವೊಂದಿದ್ದರೆ ಸಾಕು. ಅಲ್ಲಿ ನನ್ನ ಆಕ್ಷೇಪವಿಲ್ಲ. ಮತ್ತೊಂದು ಅಂಚಿನಲ್ಲಿ, ಬಸ್ಸಿನ ಉಳಿದೊಂದೇ ಆಸನವನ್ನು ಇಬ್ಬರಿಗೆ ಮಾರಿದ ಬಳಿಕ ಎರಡು ಪ್ರತಿಗಳನ್ನು ಕೂಡಿಸಿ ಫಲವಿಲ್ಲ. ಅಂಥಲ್ಲಿ ಮೊದಲೇ ಸರದಿಯನ್ನು ಗೊತ್ತುಪಡಿಸಬೇಕು, ಅದಕ್ಕಾಗಿ ತುಸು ಕಾಯಬೇಕು. ಗೂಗಲ್ ಸಂಸ್ಥೆಯು 2012ರಲ್ಲಿ ಪ್ರಕಟಪಡಿಸಿದ ಸ್ಪ್ಯಾನರ್ ಎಂಬ ಭಂಡಾರದಲ್ಲಿ ಪರಮಾಣು ಗಡಿಯಾರಗಳನ್ನೂ ಉಪಗ್ರಹಗಳ ಸಂಕೇತಗಳನ್ನೂ ನೆಚ್ಚಿ, ಗಡಿಯಾರದ ಸಂದಿಗ್ಧತೆ ಕಳೆಯುವವರೆಗೆ ಕಾದು ಮುಂದುವರಿಯುತ್ತಾರೆ. ಅದು ಎಲ್ಲರ ಕೈಗೆಟಕುವ ಏರ್ಪಾಡಲ್ಲ.

ಈ ಎರಡು ಅಂಚುಗಳ ನಡುವೆ ಮನುಷ್ಯರ ಹೆಸರು, ಜನ್ಮದಿನಾಂಕ, ಅಂಕಪಟ್ಟಿ, ಹೊಲದ ಪಹಣಿ ಇಂಥವುಗಳಿವೆ. ಇವುಗಳ ವಿಷಯದಲ್ಲಿ ಕೊನೆಗೆ ಬಂದದ್ದನ್ನೇ ಸತ್ಯವೆಂದು ಸ್ವೀಕರಿಸುವುದು ಅನ್ಯಾಯವೆಂಬುದೇ ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಅಲ್ಲಿ ಕಳೆದುಹೋಗುವುದು ಬರಿಯ ಅಕ್ಷರವಲ್ಲ. ಕಳೆದುಹೋಯಿತೆಂಬುದಕ್ಕೆ ಸಾಕ್ಷಿಯೂ ಅದರೊಡನೆಯೇ ಕಳೆದುಹೋಗುತ್ತದೆ. ತಪ್ಪು ಬರೆದ ದಾಖಲೆಯನ್ನು ತೋರಿಸಿ ನ್ಯಾಯ ಕೇಳಬಹುದು. ಸರಿ ಬರೆದು ಅಳಿಸಿಹೋದುದನ್ನು ಯಾವ ಆಧಾರದಿಂದ ಕೇಳುವುದು? ಶೇಕಡಾವಾರು ಲೆಕ್ಕದಲ್ಲಿ ಅದು ಅಪರೂಪವಿರಬಹುದು. ಆ ಬಾಲಿಕೆಯ ಮನೆಯಲ್ಲಿ ಅದು ನೂರಕ್ಕೆ ನೂರು.

ಹಾಗಾದರೆ ಮಾಡಬೇಕಾದುದೇನು? ಪರಸ್ಪರಾಜ್ಞಾತ ತಿದ್ದುಪಡಿಗಳನ್ನು ಯಂತ್ರವು ಗುರುತಿಸಬೇಕು, ಎರಡನ್ನೂ ಉಳಿಸಿಕೊಳ್ಳಬೇಕು, ಬಲ್ಲವರ ಮುಂದೆ ಇಟ್ಟು ತೀರ್ಮಾನವನ್ನು ಕೇಳಬೇಕು. ಹೆಸರಿನ ಕಲಮನ್ನು ಒಬ್ಬರೂ ಖಾತೆಯ ಕಲಮನ್ನು ಇನ್ನೊಬ್ಬರೂ ತಿದ್ದಿದ್ದಲ್ಲಿ ಎರಡನ್ನೂ ಸೇರಿಸಿಕೊಳ್ಳಲು ತೊಡಕೇ ಇಲ್ಲ. ಒಂದೇ ಕಲಮಿನಲ್ಲಿ ಭೇದ ಬಂದಾಗ ಮಾತ್ರ ಮನುಷ್ಯನ ವಿವೇಕ ಬೇಕು. ಒಳ್ಳೆಯ ಸಂಪಾದಕನು ತಾನೊಪ್ಪಿದ ಪಾಠವನ್ನು ಮೇಲೆ ಅಚ್ಚು ಹಾಕಿಸಿ, ಒಪ್ಪದ ಪಾಠವನ್ನು ಅಡಿಯಲ್ಲಿ ಕೊಡುತ್ತಾನೆ. ತನ್ನ ನಿರ್ಣಯ ತಪ್ಪಿದರೆ ಮುಂದಿನವರು ತಿದ್ದಲೆಂಬ ವಿನಯ ಅದು. ಯಂತ್ರಕ್ಕೂ ಆ ವಿನಯವನ್ನು ಕಲಿಸಲು ಸಾಧ್ಯವೆಂಬುದನ್ನು ಮೇಲಿನ ಚರಿತ್ರೆ ತೋರಿಸುತ್ತದೆ. ಉಪಾಯಕ್ಕೆ ನಾಲ್ಕು ದಶಕಗಳು ಸಂದಿವೆ. ಕೊರತೆಯಿರುವುದು ಬುದ್ಧಿಯಲ್ಲಲ್ಲ, ಕಾಳಜಿಯಲ್ಲಿ.

ನಮ್ಮ ಶಾಲೆಯ ದಾಖಲಾತಿ ಪುಸ್ತಕವನ್ನು ನೋಡಿದವರಿಗೆ ಗೊತ್ತಿದೆ: ಅಲ್ಲಿ ತಪ್ಪನ್ನು ಉಜ್ಜಿ ಅಳಿಸುವ ಪದ್ಧತಿಯಿಲ್ಲ. ಹಳೆಯದು ಓದಲು ಬರುವಂತೆ ಅಡ್ಡಗೆರೆ ಎಳೆದು, ಹೊಸದನ್ನು ಮೇಲೆ ಕೆಂಪು ಶಾಯಿಯಲ್ಲಿ ಬರೆದು, ಮುಖ್ಯೋಪಾಧ್ಯಾಯರು ಸಹಿ ಮಾಡುತ್ತಾರೆ. ಈಗ ಆ ಪುಸ್ತಕವೂ ಯಂತ್ರಕ್ಕೆ ಏರುತ್ತಿದೆ. ಆ ಕಾರ್ಯಕ್ಕೆ ಉದಾರವಾಗಿ ನೆರವಾಗುತ್ತಿರುವ ದಾನಿಗಳಲ್ಲಿ, ದೇಶವಿದೇಶಗಳಲ್ಲಿ ಇಂತಹ ಭಂಡಾರಗಳನ್ನು ಕಟ್ಟುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ, ದಿನವೂ ಪುಟ ತೆರೆದು ತುಂಬುವ ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹ ಒಂದೇ. ಯಂತ್ರವನ್ನು ಕೊಳ್ಳುವ ಮುನ್ನ, ‘ಇಬ್ಬರು ತಿಳಿಯದೆ ಒಂದೇ ದಾಖಲೆಯನ್ನು ತಿದ್ದಿದರೆ ಇದು ಏನು ಮಾಡುತ್ತದೆ?’ ಎಂದು ಕೇಳಿರಿ. ಉತ್ತರ ತೃಪ್ತಿಕರವಾಗಿ ಬರುವವರೆಗೆ ಕೆಂಪು ಶಾಯಿಯ ಪುಸ್ತಕವನ್ನು ಅಟ್ಟಕ್ಕೆ ಏರಿಸಬೇಡಿರಿ.

ಆ ಬಾಲಿಕೆಯ ಹಣ ಮರುವರ್ಷ ಬಂದಿತು. ತಂದೆಯವರು ಮತ್ತೆರಡು ದಿನದ ಕೂಲಿಯನ್ನು ಕಳೆದುಕೊಂಡಿದ್ದರು.